ಹೊರಗಿಂದ ಬಂದ ತಾಯಿ



ಬೋರನಕಣಿವೆ ಗೊತ್ತಲ್ಲ? ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಕಡೆ, ಸುವರ್ಣಮುಖಿಗೆ ಅಡ್ಡ ಕಟ್ಟಿರೋ ಮಹಾರಾಜರ ಕಾಲದ ಜಲಾಶಯ. ಆ ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಸೊಸೆಯಾಗಿ ಬಂದ ಹೆಣ್ಣನ್ನ ತವರೂರಿನ ಹೆಸರು ಹಿಡಿದು ಕರೀತಾರೆ. 'ತುರುವೇಕೆರೆಯವಳು' ಅಂತಾರೆ. ಐವತ್ತು ವರ್ಷ ಆ ಮನೆಯ ಅಟ್ಟಕ್ಕೆ ಕಾಯಿ ಏರಿಸಿ, ಕೊಬ್ಬರಿ ಇಳಿಸಿ, ಮೊಮ್ಮಕ್ಕಳ ಮದುವೆ ಮಾಡಿದ ಮೇಲೂ ಅವಳು ತುರುವೇಕೆರೆಯವಳೇ. ಆದರೆ ಅವಳನ್ನ ಹೊರಗಿನವಳು ಅನ್ನೋ ಧೈರ್ಯ ಆ ಮನೆಯಲ್ಲಿ ಯಾರಿಗಿದೆ?

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಇವತ್ತು ನಾನು ಮಾತಾಡಬೇಕಾಗಿರೋದು ಇನ್ನೂ ದೂರದ ತವರಿನಿಂದ ಬಂದ ಒಬ್ಬ ಹೆಣ್ಣುಮಗಳ ಬಗ್ಗೆ. ಹೆಸರು ಮಾರ್ಗರೆಟ್ ಕಸಿನ್ಸ್. ತವರು ಐರ್ಲೆಂಡಿನ ಬಾಯ್ಲ್ ಪಟ್ಟಣ. ಹುಟ್ಟಿದ್ದು 1878ರಲ್ಲಿ, ಓದಿದ್ದು ಸಂಗೀತ.

ಹೆಣ್ಣುಮಕ್ಕಳಿಗೂ ಓಟು ಕೊಡಿ ಅಂತ ಕೇಳಿದ್ದಕ್ಕೆ 1910ರಲ್ಲಿ ಲಂಡನ್ನಿನ ಹಾಲೋವೇ ಜೈಲು ಕಂಡರು. 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಗಾಜು ಒಡೆದು ಮತ್ತೆ ಜೈಲು, ಅಲ್ಲಿ ಉಪವಾಸ. ಸಂಗೀತದ ಮೇಡಂ ಅಂದರೆ ತಾನ್ಪುರ ಹಿಡಿದು ಕೂತಿರ್ತಾರೆ ಅಂದ್ಕೊಂಡಿರಾ? 1915ರಲ್ಲಿ ಗಂಡ ಜೇಮ್ಸ್ ಜೊತೆ ಭಾರತಕ್ಕೆ ಬಂದರು. ಕೋಲಾರದ ಗಡಿ ದಾಟಿದರೆ ಸಿಗುತ್ತಲ್ಲ ಮದನಪಲ್ಲಿ, ಅಲ್ಲಿನ ಥಿಯಾಸಾಫಿಕಲ್ ಕಾಲೇಜು ಅವರ ಮನೆಯಾಯಿತು. 1919ರಲ್ಲಿ ರವೀಂದ್ರನಾಥ ಟ್ಯಾಗೋರರು ಅಲ್ಲಿಗೆ ಬಂದು ಜನಗಣಮನ ಹಾಡಿದರು. ರಾಗ ಟ್ಯಾಗೋರರದ್ದೇ, ಅದರಲ್ಲಿ ಅನುಮಾನ ಬೇಡ. ಅದನ್ನ ಸ್ವರಲಿಪಿಯಲ್ಲಿ ಬರೆದಿಟ್ಟಿದ್ದು, ಹುಡುಗರಿಗೆ ಕಲಿಸಿದ್ದು ಈ ತಾಯಿ.

ತಾಯಿ ಅಂದೆ. ಮಾರ್ಗರೆಟ್‌ಗೆ ಮಕ್ಕಳಿರಲಿಲ್ಲ. ನಮ್ಮಲ್ಲಿ ಅಂಥ ಹೆಣ್ಣಿಗೆ ಏನೇನು ಹೆಸರಿಡ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ನಾನು ತಾಯಿ ಅಂತಲೇ ಕರೀತೀನಿ.

ಅದೇ ಕಾಲಕ್ಕೆ ನಮ್ಮ ಮಂಗಳೂರಿಗೆ ಬಂದು ಅಲ್ಲಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾದರು. 1926ರ ಮದ್ರಾಸ್ ಶಾಸನಸಭೆ ಚುನಾವಣೆಗೆ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ನಿಂತರಲ್ಲ, ಆಗ ನಿಲ್ಲು ಅಂತ ಹುರಿದುಂಬಿಸಿದ್ದು ಮಾರ್ಗರೆಟ್. ಕಮಲಾದೇವಿಗೆ ಇನ್ನೂ ಇಪ್ಪತ್ಮೂರು. ಕೆಲವೇ ಮತಗಳಲ್ಲಿ ಸೋತರು. ಆದರೆ ಹೆಣ್ಣುಮಗಳು ಚುನಾವಣೆಗೆ ನಿಲ್ಲಬಹುದು ಅನ್ನೋದು ಊರಿಗೆಲ್ಲ ಗೊತ್ತಾಯಿತು. ಸೋಲು ಗೆಲುವಿನ ಲೆಕ್ಕವನ್ನ ಟಿವಿ ಪರದೆ ಮೇಲೆ ತೋರಿಸೋ ಕೆಲಸ ನನ್ನದು, ಇಂಥ ಲೆಕ್ಕ ಅಲ್ಲಿ ಕಾಣಿಸಲ್ಲ.

ಓಟಿನ ಮಾತು ಬಂತು. 1917ರಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಬಂದಾಗ, ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಹೆಂಗಸರ ನಿಯೋಗವೊಂದು ಹೋಗಿ ಭಾರತದ ಹೆಣ್ಣಿಗೂ ಮತ ಬೇಕು ಅಂತ ಕೇಳಿತು. ಅದನ್ನ ಕೂಡಿಸಿದ್ದು ಮಾರ್ಗರೆಟ್. 1921ರಲ್ಲಿ ಮದ್ರಾಸ್ ಒಪ್ಪಿತು. ಇವತ್ತು ಬೋರನಕಣಿವೆಯ ಮತಗಟ್ಟೆಯಲ್ಲಿ ಸೆರಗು ಹೊದ್ದು ಸಾಲಲ್ಲಿ ನಿಲ್ಲೋ ಅಜ್ಜಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಅಜ್ಜಿಯ ಬೆರಳಿನ ಶಾಯಿಗೂ ಈ ಐರಿಷ್ ಹೆಣ್ಣುಮಗಳಿಗೂ ಸಂಬಂಧ ಇದೆ.

ಗಂಡನ ಕಡೆಯ ಋಣವೂ ಒಂದಿದೆ. 1924ರಲ್ಲಿ ಮೈಸೂರಿನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವನಗಳನ್ನ ಜೇಮ್ಸ್ ಕಸಿನ್ಸ್‌ಗೆ ತೋರಿಸಿದ. ಅವರು ಓದಿ ನೋಡಿ, ನಿನ್ನ ಭಾಷೆಯಲ್ಲಿ ಬರಿ ಅಂದರು. ಆ ಹುಡುಗ ಕುವೆಂಪು. ಕನ್ನಡದಲ್ಲಿ ಬರಿ ಅಂತ ಹೇಳೋಕೆ ಐರ್ಲೆಂಡಿನಿಂದ ಒಬ್ಬರು ಬರಬೇಕಾಯಿತು ನೋಡಿ!

ದಿನಾ ರಾತ್ರಿ ನಮ್ಮ ಚರ್ಚೆಗಳಲ್ಲಿ ಒಂದು ಪ್ರಶ್ನೆ ಎದ್ದೇ ಏಳುತ್ತೆ: ಇವರು ಇಲ್ಲಿಯವರಾ, ಎಲ್ಲಿಂದ ಬಂದವರು? ಮಾರ್ಗರೆಟ್‌ಗೂ ಆ ಪ್ರಶ್ನೆ ಬಂದಿರಬೇಕು. ಅವರು ಮಾತಲ್ಲಿ ಉತ್ತರ ಕೊಡ್ತಾ ಕೂರಲಿಲ್ಲ. 1922ರಲ್ಲಿ ಭಾರತದ ಮೊದಲ ಮಹಿಳಾ ಮ್ಯಾಜಿಸ್ಟ್ರೇಟ್ ಆದವರು, ಹತ್ತು ವರ್ಷ ಕಳೆಯೋದರಲ್ಲಿ, ಸರ್ಕಾರದ ದಮನ ಕಾನೂನುಗಳ ವಿರುದ್ಧ ಭಾಷಣ ಮಾಡಿ ಕೈದಿಯಾದರು. ವೆಲ್ಲೂರಿನ ಜೈಲು. ಬಿಳಿ ಚರ್ಮ ಇತ್ತು, ಸುಮ್ಮನಿದ್ದಿದ್ದರೆ ಬಂಗಲೆ ಸಿಗ್ತಿತ್ತು.

ಮುಂದೆ ಪಾರ್ಶ್ವವಾಯು ಬಡಿಯಿತು. ಓಡಾಡಿದ ಜೀವ ಹಾಸಿಗೆ ಹಿಡಿಯಿತು. ಕೊನೆಗಾಲದಲ್ಲಿ ಮದ್ರಾಸ್ ಸರ್ಕಾರ ಹಣದ ನೆರವು ಕೊಟ್ಟಿತು, ನೆಹರೂ ಕೂಡ ಕೊಟ್ಟರು. 1950ರ ಜನವರಿ 24ರಂದು ಜನಗಣಮನ ರಾಷ್ಟ್ರಗೀತೆಯಾದಾಗ ಅವರು ಬದುಕಿದ್ದರು. ಎರಡು ವರ್ಷದ ಮೇಲೆ, ಈ ದೇಶದ ಹೆಂಗಸರೆಲ್ಲ ಮೊದಲ ಮಹಾಚುನಾವಣೆಯಲ್ಲಿ ಮತ ಹಾಕಿದಾಗಲೂ ಇದ್ದರು. 1954ರ ಮಾರ್ಚ್ 11ರಂದು ತೀರಿಕೊಂಡರು. ಈ ನೆಲಕ್ಕೆ ಬಂದು ಮೂವತ್ತೊಂಬತ್ತನೇ ವರ್ಷ ಅದು.