ಮೂರ್ಛೆ ಬರುವವರಿರುವ ಮನೆಯಲ್ಲಿ ಎಚ್ಚರಿಕೆ
(ಕಂಬದೂರಿನಲ್ಲಿ ಕಬ್ಬು ಬೆಳೆಗಾರ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ತಳಿ, ಗೊಬ್ಬರ, ಕಟಾವಿನ ವಿಷಯವನ್ನು ನನಗಿಂತ ಮೊದಲು ಮಾತನಾಡಿದವರು ಹೇಳಿದ್ದಾರೆ. ನನಗೆ ಒಪ್ಪಿಸಿರುವುದು ಮೂರ್ಛೆರೋಗ. ಫಿಟ್ಸ್ ಎಂದರೂ ಅದೇ, ಅಪಸ್ಮಾರ ಎಂದರೂ ಅದೇ. ಇದು ಮಿದುಳಿನ ಕಾಯಿಲೆ. ಗಾಳಿಯಲ್ಲ, ಗ್ರಹಚಾರವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಆ ಒಂದೆರಡು ನಿಮಿಷ ಮನುಷ್ಯ ಎಲ್ಲಿದ್ದ ಎಂಬುದೇ ಮುಖ್ಯ. ಜಗಲಿಯ ಮೇಲಿದ್ದವನು ಎದ್ದು ಕೂಡುತ್ತಾನೆ. ಬಾವಿಯ ಅಂಚಿನಲ್ಲಿದ್ದವನು?

ಈ ಕಡಲೆಕಾಯಿ ಸೀಮೆಯಲ್ಲಿ ಕಬ್ಬು ಹಾಕಿದವರು ಬಾವಿ, ಬೋರ್‌ವೆಲ್ಲನ್ನೇ ನಂಬಿದವರು. ಮೂರ್ಛೆ ಬರುವವರು ಒಂಟಿಯಾಗಿ ಬಾವಿಗೆ ಇಳಿಯಬಾರದು. ಮೊಣಕಾಲುದ್ದ ನೀರಿನಲ್ಲಿ ಬೋರಲು ಬಿದ್ದರೂ ಜೀವ ಹೋಗುತ್ತದೆ. ರಾತ್ರಿ ಕರೆಂಟಿಗೆ ಕಾದು ನೀರು ಕಟ್ಟುವ ಕೆಲಸವನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ. ನಿದ್ದೆಗೆಟ್ಟರೆ ಮೂರ್ಛೆ ಬರುವುದು ಹೆಚ್ಚು. ಟ್ರ್ಯಾಕ್ಟರ್ ಓಡಿಸುವುದು, ಗಾಣಕ್ಕೆ ಕಬ್ಬು ಕೊಡುವುದು, ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಲ್ಲುವುದು ಬೇಡವೇ ಬೇಡ. ಹೆಣ್ಣುಮಕ್ಕಳಿಗೆ ನೆಲದ ಮೇಲಿನ ಒಲೆಯೇ ದೊಡ್ಡ ಅಪಾಯ. ಅಡುಗೆಯ ಹೊತ್ತಿನಲ್ಲಿ ಜೊತೆಗೊಬ್ಬರಿರಲಿ.

ಇನ್ನೊಂದು ಸಂಗತಿ ನಮ್ಮ ಸ್ನಾನದ್ದು. ಹಂಡೆಯಲ್ಲಿ ಚೆನ್ನಾಗಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ತಲೆಗೆ ಸುರಿದುಕೊಳ್ಳುತ್ತೇವೆ. ಕೆಲವರಿಗೆ ಮೂರ್ಛೆ ಬರುವುದೇ ಇದರಿಂದ! ಬೇರೆ ದೇಶಗಳಲ್ಲಿ ಅಪರೂಪವಾದ ಈ ಬಗೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕನ್ನಡ ಸೀಮೆಯಲ್ಲಿ ಹೆಚ್ಚು. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1974ರಲ್ಲಿ ಇಂಥ 108 ರೋಗಿಗಳ ವಿವರ ಪ್ರಕಟಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಕೊಟ್ಟರು. ಸ್ನಾನದಲ್ಲಿ ಯಾರಿಗಾದರೂ ಕಣ್ಣು ಮಂಜಾಗಿ, ದಿಕ್ಕುತಪ್ಪಿದಂತಾದರೆ ‘ಬಿಸಿ ಹೆಚ್ಚಾಯಿತು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಅಂಥವರಿಗೆ ಉಗುರುಬೆಚ್ಚಗಿನ ನೀರು ಸಾಕು. ತಲೆಗೆ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಲಿ. ಬಚ್ಚಲಿಗೆ ಒಳಗಿನಿಂದ ಅಗುಳಿ ಹಾಕಬಾರದು.

ಮಾತ್ರೆಯ ಖರ್ಚಿಗೆ ಹೆದರಬೇಡಿ. ಯಳಂದೂರಿನ ಹಳ್ಳಿಗಳಲ್ಲಿ ಇದೇ ಡಾ. ಮಣಿಯವರ ತಂಡ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಎಷ್ಟೋ ಜನರ ಮೂರ್ಛೆಯನ್ನು ಹತೋಟಿಗೆ ತಂದದ್ದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಯಾವ ಮಾತ್ರೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ವಾಸಿಯಾಯಿತೆಂದು ತಟ್ಟನೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಜೋರಾಗಿ ಬರಬಹುದು.

ಕಟಾವಿನ ಮೇಸ್ತ್ರಿಗಳಿಗೊಂದು ಮಾತು. ಕೂಲಿ ತಪ್ಪೀತೆಂಬ ಭಯಕ್ಕೆ ಆಳು ತನ್ನ ಕಾಯಿಲೆ ಮುಚ್ಚಿಡುತ್ತಾನೆ, ಮಚ್ಚು ಹಿಡಿದೇ ಬೀಳುತ್ತಾನೆ. ಇದರಲ್ಲಿ ಅವನಿಗಿಂತ ನಮ್ಮ ತಪ್ಪೇ ಹೆಚ್ಚೆಂದು ನನ್ನ ಅಭಿಪ್ರಾಯ. ಅವನಿಗೆ ಹೊರೆ ಕಟ್ಟುವ ಕೆಲಸ ಕೊಡಿ, ಮನೆಗೆ ಕಳಿಸಬೇಡಿ.

ಮೂರ್ಛೆ ಬಂದಾಗ ಕೈಗೆ ಕಬ್ಬಿಣ, ಬಾಯಿಗೆ ನೀರು, ಹಲ್ಲಿನ ನಡುವೆ ಚಮಚ, ಯಾವುದೂ ಬೇಡ. ಅದುಮಿ ಹಿಡಿಯಬೇಡಿ. ಮಚ್ಚು, ಕಲ್ಲು ದೂರ ಸರಿಸಿ, ತಲೆಯ ಕೆಳಗೆ ಟವೆಲ್ಲು ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಕೈಗೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ.