ಅಚ್ಚಿಗೆ ಹಿಂಜರಿದ ಕವಿಗಳು

ಇಂಗ್ಲಿಷ್ ಕಾವ್ಯದ ಚರಿತ್ರೆಯಲ್ಲಿ 1633 ಸ್ಮರಣೀಯವಾದ ವರ್ಷ. ಜಾನ್ ಡನ್ ಮತ್ತು ಜಾರ್ಜ್ ಹರ್ಬರ್ಟ್ ಇಬ್ಬರ ಇಂಗ್ಲಿಷ್ ಕವನಗಳ ಸಂಗ್ರಹಗಳೂ ಮೊದಲ ಬಾರಿಗೆ ಅಚ್ಚಾದದ್ದು ಆ ವರ್ಷವೇ. ಆದರೆ ಅವನ್ನು ನೋಡಲು ಅವರಿಬ್ಬರೂ ಉಳಿದಿರಲಿಲ್ಲ. ಡನ್ 1631ರಲ್ಲಿ ತೀರಿಕೊಂಡಿದ್ದ. ಹರ್ಬರ್ಟ್ 1633ರ ಮಾರ್ಚ್ ತಿಂಗಳಲ್ಲಿ ಕಣ್ಮುಚ್ಚಿದ.

ಅಂದು ಮುದ್ರಣಕ್ಕೆ ಕೊರತೆಯಿರಲಿಲ್ಲ. ಷೇಕ್ಸ್‌ಪಿಯರನ ಸಾನೆಟ್ಟುಗಳು 1609ರಲ್ಲೇ ಅಚ್ಚಾಗಿದ್ದವು. ಆದರೆ ಕವಿತೆಯನ್ನು ಅಂಗಡಿಯ ಸರಕಾಗಿಸುವುದು ಗೌರವಕ್ಕೆ ಕುಂದೆಂಬ ಭಾವನೆ ಕುಲೀನರಲ್ಲಿತ್ತು. ಡನ್ ತನ್ನ ಕವಿತೆಗಳನ್ನು ಆಪ್ತರಿಗೆ ಬರೆದು ಕಳುಹಿಸುತ್ತಿದ್ದ. ಅವರಿಂದ ಪಡೆದು ಮತ್ತೊಬ್ಬರು ಪ್ರತಿಮಾಡಿಕೊಳ್ಳುತ್ತಿದ್ದರು. 1611ರಲ್ಲಿ ಒಂದು ದೀರ್ಘಕವನವನ್ನು ಅಚ್ಚಿಗೆ ಕೊಟ್ಟದ್ದಕ್ಕಾಗಿ ಅವನು ಆಮೇಲೆ ಪತ್ರವೊಂದರಲ್ಲಿ ಪರಿತಪಿಸಿದ್ದುಂಟು. ಅವನ ಕವಿತೆಗಳ ಸಾವಿರಾರು ಹಸ್ತಪ್ರತಿಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಅವನದೇ ಕೈಬರಹದಲ್ಲಿರುವ ಇಂಗ್ಲಿಷ್ ಕವಿತೆ ಒಂದೇ ಒಂದು. ಅದು ಬೆಳಕಿಗೆ ಬಂದದ್ದು 1970ರಲ್ಲಿ.

ಹೀಗೆ ಆಪ್ತರಿಗಾಗಿ ಬರೆದದ್ದರ ಗುರುತು ಆ ಕಾವ್ಯದ ಧ್ವನಿಯಲ್ಲೇ ಇದೆ. ಡನ್ನನ ಕವಿತೆ ಮಾತಿನ ನಡುವೆ ಥಟ್ಟನೆ ಆರಂಭವಾಗುತ್ತದೆ. ವಾದಿಸುತ್ತದೆ, ಛೇಡಿಸುತ್ತದೆ, ಬೇಡುತ್ತದೆ. ಅಗಲಿ ಹೊರಟ ಪ್ರೇಮಿಯೊಬ್ಬ ತಮ್ಮಿಬ್ಬರನ್ನೂ ಕೈವಾರದ ಎರಡು ಕಾಲುಗಳಿಗೆ ಹೋಲಿಸುತ್ತಾನೆ. ಒಂದು ಕಾಲು ನಿಂತಲ್ಲೇ ನಿಂತು, ದೂರ ಸರಿದ ಇನ್ನೊಂದರ ಕಡೆಗೆ ಬಾಗುತ್ತದೆ. ಒಂದಕ್ಕೊಂದು ಹೊಂದದ ವಸ್ತುಗಳನ್ನು ಬಲವಂತದಿಂದ ಬೆಸೆಯುವ ಚಮತ್ಕಾರವೆಂದು ಹದಿನೆಂಟನೆಯ ಶತಮಾನದಲ್ಲಿ ಡಾಕ್ಟರ್ ಜಾನ್ಸನ್ ಇಂಥ ಕಾವ್ಯವನ್ನು ಆಕ್ಷೇಪಿಸಿದ. 1921ರಲ್ಲಿ ಎಲಿಯಟ್ ಅದರಲ್ಲೇ ವಿಚಾರ ಮತ್ತು ಭಾವಗಳ ಅಖಂಡತೆಯನ್ನು ಕಂಡ. ಎದುರಿಗೆ ಒಬ್ಬ ಕೇಳುಗಳಿದ್ದಾಳೆಂದು ಭಾವಿಸಿ ಓದಿದರೆ ಎಲಿಯಟ್ಟನ ಮಾತೇ ನಿಜವೆನಿಸುತ್ತದೆ. ಅಳುವವಳನ್ನು ಸಂತೈಸಲು ಆ ಪ್ರೇಮಿ ಬುದ್ಧಿಯನ್ನೆಲ್ಲ ಬಳಸುತ್ತಿದ್ದಾನೆ, ಅಷ್ಟೆ.

ಹರ್ಬರ್ಟನ ಆಪ್ತ ಕೇಳುಗ ದೇವರು. ಬೆಮರ್ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಪಾದ್ರಿಯಾಗಿದ್ದ ಅವನು ದೇವರೊಡನೆ ಮುನಿಸಿಕೊಳ್ಳುತ್ತಾನೆ, ಮತ್ತೆ ಮಣಿಯುತ್ತಾನೆ. ಕೊನೆಗಾಲದಲ್ಲಿ ತನ್ನ ಹಸ್ತಪ್ರತಿಯನ್ನು ಗೆಳೆಯ ನಿಕೊಲಸ್ ಫೆರಾರನಿಗೆ ಕಳುಹಿಸಿ, ನೊಂದ ಜೀವಕ್ಕೆ ಉಪಯೋಗವಾಗುವಂತಿದ್ದರೆ ಅಚ್ಚುಮಾಡಿಸು, ಇಲ್ಲವಾದರೆ ಸುಟ್ಟುಬಿಡು ಎಂದು ತಿಳಿಸಿದನೆಂದು ಜೀವನಚರಿತ್ರಕಾರ ಐಸಾಕ್ ವಾಲ್ಟನ್ ಹೇಳುತ್ತಾನೆ. ಫೆರಾರ್ ಅದನ್ನು ಸುಡಲಿಲ್ಲ, ಕೇಂಬ್ರಿಡ್ಜಿನಲ್ಲಿ ಅಚ್ಚುಮಾಡಿಸಿದ.

ಡನ್ 1621ರಿಂದ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಡೀನ್ ಆಗಿದ್ದವನು. ಗೆಳೆಯರು ಪ್ರತಿಮಾಡಿ ಇಟ್ಟುಕೊಳ್ಳದೆ ಹೋಗಿದ್ದರೆ ಇಂದು ನಾವು ಅವನನ್ನು ಹೆಸರಾಂತ ಧರ್ಮೋಪದೇಶಕನೆಂದು ಮಾತ್ರ ಅರಿತಿರುತ್ತಿದ್ದೆವು.