ಅಗ್ನಿವೀರನ ಮನೆಯವರು

ಭಾರತೀಯ ಸೇನೆಗೆ ಸೇರಬಯಸುವ ಯುವಕನಿಗೆ ಹದಿನೇಳೂವರೆ ವರ್ಷ ತುಂಬಿದ್ದರೆ ಸಾಕು. ಆದರೆ ಹದಿನೆಂಟು ತುಂಬುವವರೆಗೆ ಅವನ ದಾಖಲಾತಿ ಪತ್ರಕ್ಕೆ ತಂದೆಯೋ ತಾಯಿಯೋ ಪೋಷಕರೋ ಸಹಿ ಹಾಕಬೇಕು, ತುಂಬಿದ ಮರುದಿನದಿಂದ ಆ ಸಹಿ ಬೇಕಾಗುವುದಿಲ್ಲ. ಕಾನೂನಿನ ಈ ಸಣ್ಣ ಅಂತರದಲ್ಲೇ ತಂದೆತಾಯಿಗಳ ಸ್ಥಾನ ಬದಲಾಗುವ ಬಗೆಯೂ ಅಡಗಿದೆ. ನಿನ್ನೆಯವರೆಗೆ ತೀರ್ಮಾನ ಅವರದ್ದಾಗಿತ್ತು. ಇಂದಿನಿಂದ ತೀರ್ಮಾನ ಮಗನದ್ದು, ಅದರ ಜೊತೆಗೆ ನಿಲ್ಲುವ ಕೆಲಸ ಮಾತ್ರ ಮನೆಯವರದ್ದು. ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಭರ್ತಿಯಾಗುವವರೆಗೆ ಇಡೀ ಕುಟುಂಬ ಟೊಂಕ ಕಟ್ಟಿ ನಿಲ್ಲುತ್ತದೆ, ಬೆಳಗಿನ ಓಟಕ್ಕೆ ಅಲಾರಂ ಇಡುತ್ತದೆ, ಹಾಲು ಮೊಟ್ಟೆ ಹೊಂದಿಸುತ್ತದೆ, ಹರಕೆ ಹೊರುತ್ತದೆ. ರೈಲು ಹತ್ತಿಸಿ ಬಂದ ಮೇಲೆ ತನ್ನ ಪಾಲಿನ ಕೆಲಸ ಮುಗಿಯಿತೆಂದುಕೊಳ್ಳುತ್ತದೆ. ಮನೆಯವರ ನಿಜವಾದ ಕೆಲಸ ಶುರುವಾಗುವುದು ಆ ರೈಲು ಹೊರಟ ಮೇಲೆ ಎಂಬುದೇ ಈ ಬರಹದ ವಿಷಯ.

ಮೊದಲು ‘ಅಗ್ನಿವೀರ’ ಎಂಬ ಪದದ ಅರ್ಥ ತಿಳಿಯಬೇಕು. ಕೇಂದ್ರ ಸರ್ಕಾರ 2022ರ ಜೂನ್ 14ರಂದು ಪ್ರಕಟಿಸಿದ ಅಗ್ನಿಪಥ ಯೋಜನೆಯ ಪ್ರಕಾರ, ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆ ಅಧಿಕಾರಿಯಲ್ಲದ ಹುದ್ದೆಗಳಲ್ಲಿ ಸೇರುವವರು, ಅಂದರೆ ಅಗ್ನಿವೀರರು, ತರಬೇತಿಯೂ ಸೇರಿ ನಾಲ್ಕು ವರ್ಷ ಸೇವೆ ಸಲ್ಲಿಸುತ್ತಾರೆ. ಅವಧಿ ಮುಗಿದಾಗ ಅವರಲ್ಲಿ ಶೇಕಡ 25ರವರೆಗೆ ಮಾತ್ರ ಕಾಯಂ ಸೇವೆಗೆ ಆರಿಸಿಕೊಳ್ಳಲಾಗುತ್ತದೆ. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ. ‘ಮಿಲ್ಟ್ರಿ ನೌಕರಿ’ ಎಂದರೆ ಹದಿನೈದೋ ಹದಿನೇಳೋ ವರ್ಷ ದುಡಿದು ಪಿಂಚಣಿಯೊಂದಿಗೆ ಊರಿಗೆ ಬರುವುದು ಎಂಬ ಅಜ್ಜಂದಿರ ಕಾಲದ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡಿರುವ ಹಿರಿಯರು ಈ ಒಂದು ವ್ಯತ್ಯಾಸವನ್ನು ಅರಗಿಸಿಕೊಳ್ಳದೆ ಕೊಡುವ ಸಲಹೆ, ಎಷ್ಟೇ ಪ್ರೀತಿಯದ್ದಾದರೂ, ದಾರಿ ತಪ್ಪಿಸುವಂಥದ್ದು.

ಆಯ್ಕೆಯ ಹಂತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಅದನ್ನು ಹುಡುಗರೇ ತಂದೆತಾಯಿಗಳಿಗಿಂತ ಚೆನ್ನಾಗಿ ಬಲ್ಲರು. ಭೂಸೇನೆಯಲ್ಲಿ 2023ರಿಂದ ಮೊದಲು ಕಂಪ್ಯೂಟರ್ ಮೂಲಕ ಸಾಮಾನ್ಯ ಪ್ರವೇಶ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಮಾತ್ರ ರ್ಯಾಲಿ, ಅಂದರೆ ಮೈದಾನದ ದೈಹಿಕ ಪರೀಕ್ಷೆ. ಅಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ 60 ಅಂಕ, ಬೀಮ್ ಹಿಡಿದು ಹತ್ತು ಬಾರಿ ಮೈ ಎತ್ತಿದವನಿಗೆ 40 ಅಂಕ. ಮನೆಯವರು ನೆರವಾಗಬಹುದಾದ ಜಾಗ ಇದರ ಮುಂದಿನ ವೈದ್ಯಕೀಯ ತಪಾಸಣೆ. ಬಣ್ಣಗಳನ್ನು ಗುರುತಿಸುವ ದೃಷ್ಟಿಯಲ್ಲಿ ದೋಷ, ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ಮೈಮೇಲಿನ ಹಚ್ಚೆ, ಕೊನೆಗೆ ಕಿವಿಯೊಳಗಿನ ಗುಗ್ಗೆ ಕೂಡ ಅಭ್ಯರ್ಥಿಯನ್ನು ತಡೆಹಿಡಿಯಬಲ್ಲದು. ಎರಡು ವರ್ಷ ನಸುಕಿನಲ್ಲಿ ಎದ್ದು ಓಡಿದ ಮೇಲೆ ಬಣ್ಣಗುರುಡಿನ ಸಂಗತಿ ತಿಳಿಯುವುದಕ್ಕಿಂತ, ಓಟ ಶುರುಮಾಡುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ಕಣ್ಣು ಕಿವಿ ಕಾಲು ತೋರಿಸಿಕೊಂಡು ಬರುವುದು ಬುದ್ಧಿವಂತಿಕೆ. ಇನ್ನು ಕೆಲಸ ಮಾಡಿಸಿಕೊಡುತ್ತೇನೆಂದು ಮೂಲ ಅಂಕಪಟ್ಟಿ ಇಟ್ಟುಕೊಂಡು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗಳ ವಿಷಯ: ಅಭ್ಯರ್ಥಿ ಪರೀಕ್ಷೆಗಾಗಿ ಕಟ್ಟಬೇಕಾದ ಶುಲ್ಕ 250 ರೂಪಾಯಿ, ಅದರ ಮೇಲೆ ಯಾರು ಒಂದು ರೂಪಾಯಿ ಕೇಳಿದರೂ ಅದು ಮೋಸ.

ದಾಖಲೆಗಳ ವಿಷಯದಲ್ಲಿ ಮಾತ್ರ ಹಿರಿಯರು ಹಟ ಹಿಡಿದು ಕೂರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್ ಕಾರ್ಡಿನಲ್ಲಿ ಅದು ಹಿಂದೆ, ತಾಯಿಯ ಹೆಸರು ಒಂದರಲ್ಲಿ ಗಂಗವ್ವ, ಇನ್ನೊಂದರಲ್ಲಿ ಗಂಗಮ್ಮ ಎಂಬ ಸ್ಥಿತಿ ನಮ್ಮ ಹಳ್ಳಿಗಳಲ್ಲಿ ತೀರಾ ಸಾಮಾನ್ಯ. ಸೈನಿಕನ ದಾಖಲೆಯಲ್ಲಿ ಒಮ್ಮೆ ಏರಿದ ಹೆಸರನ್ನು ತಿದ್ದಬೇಕಾದರೆ ಪ್ರಮಾಣಪತ್ರ ಮಾಡಿಸಬೇಕು, ಅದು ಘಟಕದ ಕಚೇರಿಗೆ ಹೋಗಬೇಕು, ಅಲ್ಲಿಂದ ‘ಪಾರ್ಟ್ ಟೂ ಆರ್ಡರ್’, ಅಂದರೆ ಸೈನಿಕನ ವೈಯಕ್ತಿಕ ವಿವರಗಳಲ್ಲಾದ ಬದಲಾವಣೆಯನ್ನು ಅಧಿಕೃತವಾಗಿ ದಾಖಲಿಸುವ ಆದೇಶ, ಹೊರಡಬೇಕು. ವಿಮೆಯ ಹಣ, ನಾಮಿನಿ, ರಜೆಯ ಅರ್ಜಿ ಎಲ್ಲವೂ ಆ ಹೆಸರಿನ ಮೇಲೆ ನಿಂತಿರುವುದರಿಂದ, ಹೊರಡುವ ಮೊದಲೇ ತಂದೆಯ, ತಾಯಿಯ, ಮಗನ ಕಾಗದಗಳನ್ನು ಒಂದೇ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು ಒಂದು ಸಂಜೆಯ ಕೆಲಸ.

ತರಬೇತಿ ಕೇಂದ್ರಗಳಲ್ಲಿ ಕೆಲವು ನಮ್ಮ ರಾಜ್ಯದಲ್ಲೇ ಇವೆ: ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ, ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಸೇನಾ ಪೊಲೀಸ್ ದಳದ ಕೇಂದ್ರಗಳು. ಸೇನಾ ಪೊಲೀಸ್ ದಳದ ಈ ಕೇಂದ್ರದಿಂದಲೇ 2021ರಲ್ಲಿ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದಿತು. ಕೇಂದ್ರ ಹತ್ತಿರವಿದ್ದರೂ ಭೇಟಿಗೆ ಅನುಕೂಲವೇನಿಲ್ಲ; ಬೆಳಗಾವಿ ಜಿಲ್ಲೆಯ ಹುಡುಗ ಬೆಳಗಾವಿಯಲ್ಲೇ ಇದ್ದರೂ ಮೊದಲ ತಿಂಗಳುಗಳಲ್ಲಿ ಅವನು ಮನೆಗೆ ಜಬಲ್ಪುರದಷ್ಟೇ ದೂರ.

ಈ ಮೊದಲ ವಾರಗಳೇ ಎರಡೂ ಕಡೆಯವರಿಗೆ ಕಠಿಣವಾದವು. ನಸುಕಿನಲ್ಲಿ ಶುರುವಾಗುವ ಪಿ.ಟಿ., ಆಮೇಲೆ ಡ್ರಿಲ್ಲು, ತರಗತಿ, ಬೂಟು ಪಾಲಿಶು, ಬಿಳಿ ಬಣ್ಣದಲ್ಲಿ ಹೆಸರು ಬರೆದ ಕಪ್ಪು ಟ್ರಂಕಿನೊಳಗೆ ಮಡಿಕೆ ತಪ್ಪದಂತೆ ಜೋಡಿಸಿಟ್ಟ ಬಟ್ಟೆ. ಇದೆಲ್ಲದರ ಮೇಲೆ ‘ಉಸ್ತಾದ್’ ಎಂದು ಕರೆಯಲಾಗುವ ತರಬೇತುದಾರನ ಕಣ್ಣು. ಪ್ರವೇಶ ಪರೀಕ್ಷೆಯನ್ನು 2025ರಿಂದ ಕನ್ನಡದಲ್ಲೂ ಬರೆಯಬಹುದಾದರೂ ಮೈದಾನದ ಭಾಷೆ ಹಿಂದಿಯೇ ಆಗಿರುವುದರಿಂದ, ಬಯಲುಸೀಮೆಯ ಒಂದು ಹಳ್ಳಿಯ ಹುಡುಗನಿಗೆ ಬೈಗುಳ ಅರ್ಥವಾಗುವ ಮೊದಲೇ ಅದರ ಶಿಕ್ಷೆ ಬಂದುಬಿಟ್ಟಿರುತ್ತದೆ. ಫೋನನ್ನು ಬಹುತೇಕ ಕಡೆ ಹೊರಗಿಡಿಸುತ್ತಾರೆ, ವಾರಕ್ಕೊಮ್ಮೆ ಕೆಲವೇ ನಿಮಿಷ ಮಾತಿಗೆ ಬಿಡುತ್ತಾರೆ. ಎರಡನೆಯದೋ ಮೂರನೆಯದೋ ಕರೆಯಲ್ಲಿ ‘ನನಗೆ ಆಗ್ತಿಲ್ಲವ್ವ, ಬಂದುಬಿಡ್ತೀನಿ’ ಎಂಬ ಮಾತು ಬಂದರೆ ಅದರಲ್ಲಿ ಅಸಹಜವಾದದ್ದೇನೂ ಇಲ್ಲ.

ಆ ಮಾತಿಗೆ ಮನೆಯಿಂದ ಸಾಮಾನ್ಯವಾಗಿ ಎರಡು ಉತ್ತರಗಳು ಹೋಗುತ್ತವೆ, ಎರಡೂ ತಪ್ಪು. ತಾಯಿ ‘ಬಂದುಬಿಡಪ್ಪ, ಇಲ್ಲೇ ಏನಾದ್ರೂ ಮಾಡ್ಕೊಂಡಿರು’ ಎನ್ನುತ್ತಾಳೆ. ತಂದೆ ‘ಊರೆಲ್ಲಾ ಸನ್ಮಾನ ಮಾಡಿ ಕಳಿಸಿದೆ, ಈಗ ಬಂದ್ರೆ ಮುಖ ಎತ್ಕೊಂಡು ಓಡಾಡೋದು ಹೆಂಗೆ’ ಎನ್ನುತ್ತಾನೆ. ಮೊದಲನೆಯದು ಅವನ ಕಾಲನ್ನು ಎಳೆಯುತ್ತದೆ, ಎರಡನೆಯದು ಅವನ ಬಾಯನ್ನು ಮುಚ್ಚಿಸುತ್ತದೆ, ಮತ್ತು ಈ ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಮುಂದೆ ನಿಜವಾಗಿ ಹೇಳಲೇಬೇಕಾದ ಸಂಗತಿ ಎದುರಾದಾಗಲೂ ಅವನು ‘ಎಲ್ಲಾ ಚೆನ್ನಾಗಿದೆ’ ಎಂದೇ ಹೇಳಿ ಫೋನಿಡುತ್ತಾನೆ. ಇವೆರಡಕ್ಕೂ ಬದಲಾಗಿ ಸಣ್ಣ ಪ್ರಶ್ನೆಗಳನ್ನು ಕೇಳಬೇಕು: ಪಕ್ಕದ ಮಂಚದವನು ಯಾವ ಊರಿನವನು, ಬೂಟು ಕಾಲು ಕಚ್ಚುತ್ತಿದೆಯೇ, ರಾತ್ರಿ ನಿದ್ರೆ ಬರುತ್ತಿದೆಯೇ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಓಡಿದಾಗಲೆಲ್ಲಾ ನೋವು ಬರುತ್ತಿದೆ ಎಂದರೆ ಅದು ಸೋಮಾರಿತನವಲ್ಲ; ಮೇಲಿಂದ ಮೇಲೆ ಬೀಳುವ ಭಾರದಿಂದ ಮೂಳೆಯಲ್ಲಿ ಮೂಡುವ ಸೂಕ್ಷ್ಮ ಬಿರುಕು, ಅಂದರೆ ‘ಸ್ಟ್ರೆಸ್ ಫ್ರ್ಯಾಕ್ಚರ್’, ಹೊಸ ರಿಕ್ರೂಟರಲ್ಲಿ ಚಿರಪರಿಚಿತ ತೊಂದರೆಯಾಗಿದ್ದು, ಮುಚ್ಚಿಟ್ಟು ಓಡಿದಷ್ಟೂ ಅದು ಬೆಳೆಯುತ್ತದೆ. ‘ಸಿಕ್ ರಿಪೋರ್ಟ್ ಮಾಡು’, ಅಂದರೆ ಅಸ್ವಸ್ಥನೆಂದು ಹೆಸರು ಕೊಟ್ಟು ವೈದ್ಯರ ಬಳಿ ಹೋಗು ಎಂದು ತಂದೆಯ ಬಾಯಿಂದಲೇ ಬರುವ ಮಾತಿಗೆ ಬೇರೆಯೇ ತೂಕ ಇರುತ್ತದೆ. ಬೇಸರ ವಾರಗಳು ಕಳೆದರೂ ಇಳಿಯದೆ, ಬದುಕೇ ಬೇಡವೆಂಬ ಧಾಟಿಗೆ ತಿರುಗಿದರೆ, ತಡಮಾಡದೆ ಕೇಂದ್ರದಲ್ಲಿ ಅವನ ಕಂಪನಿಯ, ಅಂದರೆ ಅವನಿರುವ ತುಕಡಿಯ, ಕಚೇರಿಗೆ ನೇರವಾಗಿ ತಿಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ. ಮಗನನ್ನು ಕಳಿಸಿ ನಿದ್ದೆಗೆಟ್ಟ ತಾಯಿಗೂ ಆ ಸಂಖ್ಯೆ ತೆರೆದೇ ಇದೆ.

ತರಬೇತಿಯ ಕೊನೆಗೆ ಬರುವುದು ‘ಕಸಮ್ ಪರೇಡ್’, ಅಂದರೆ ರಿಕ್ರೂಟನು ಸೈನಿಕನಾಗಿ ಪ್ರಮಾಣವಚನ ಸ್ವೀಕರಿಸುವ ಕವಾಯತು. ಅಲ್ಲಿ ಬಂದ ತಂದೆತಾಯಿಗಳಿಗೆ ‘ಗೌರವ ಪದಕ’ ತೊಡಿಸುವ ಪದ್ಧತಿಯಿದೆ. ಆ ದಿನದ ಆಹ್ವಾನ ಬಂದರೆ, ಬಿತ್ತನೆಯೇ ಇರಲಿ ಕಟಾವೇ ಇರಲಿ, ಇಬ್ಬರೂ ಹೋಗಬೇಕು.

ಅನಂತರ ಪೋಸ್ಟಿಂಗ್. ಗಡಿಯ ಅಥವಾ ಕಾರ್ಯಾಚರಣೆಯ ಪ್ರದೇಶವನ್ನು ‘ಫೀಲ್ಡ್’ ಎಂದೂ ಉಳಿದ ನೆಲೆಗಳನ್ನು ‘ಪೀಸ್’ ಎಂದೂ ಸೈನಿಕರು ಕರೆಯುತ್ತಾರೆ. ಫೀಲ್ಡಿಗೆ ಹೋದವನ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ಸಂಖ್ಯೆ, ಹೆಸರು, ಘಟಕ, ಕೊನೆಗೆ ‘56 ಎಪಿಒ’ ಅಥವಾ ‘99 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ಗುರುತು ಮಾತ್ರ. ಸರ್ಕಾರ ಊರಿನ ಹೆಸರನ್ನು ಲಕೋಟೆಯ ಮೇಲೂ ಬರೆಸದೆ ಕಾಪಾಡುವಾಗ, ಊರ ಬಸ್ ನಿಲ್ದಾಣದ ಫ್ಲೆಕ್ಸಿನಲ್ಲಿ ಸಮವಸ್ತ್ರದ ಫೋಟೊ, ಘಟಕದ ಹೆಸರು, ಈಗಿರುವ ನೆಲೆ ಎಲ್ಲವನ್ನೂ ಮುದ್ರಿಸಿ ನಿಲ್ಲಿಸುವುದು ವಿಚಿತ್ರ ಅಭಿಮಾನ. ಸೇನೆ 2020ರಲ್ಲಿ ಫೇಸ್‌ಬುಕ್ ಸೇರಿದಂತೆ 89 ಆ್ಯಪ್‌ಗಳನ್ನು ತನ್ನವರ ಫೋನುಗಳಿಂದ ತೆಗೆಸಿತು. ಮಗನ ಫೋನಿನಿಂದ ಹೋದದ್ದು ತಂಗಿಯ ಸ್ಟೇಟಸ್ಸಿನಲ್ಲಿ ಕಾಣಿಸಿಕೊಂಡರೆ ಪ್ರಯೋಜನವೇನು? 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಸೇನಾ ಚಲನವಲನವನ್ನು ನೇರಪ್ರಸಾರ ಮಾಡಬಾರದೆಂದು ಸರ್ಕಾರ ಸುದ್ದಿವಾಹಿನಿಗಳಿಗೆ ಸೂಚಿಸಿದ್ದನ್ನು ಮನೆಯ ವಾಟ್ಸಾಪ್ ಗುಂಪಿಗೂ ಅನ್ವಯಿಸಿಕೊಳ್ಳುವುದು ಒಳ್ಳೆಯದು. ಫೀಲ್ಡಿನಲ್ಲಿರುವವನ ಫೋನು ಹತ್ತು ದಿನ ಬರಲಿಲ್ಲವೆಂದರೆ ಸಾಮಾನ್ಯವಾಗಿ ಅಲ್ಲಿ ಸಿಗ್ನಲ್ ಇಲ್ಲವೆಂದೇ ಅರ್ಥ. ಏನಾದರೂ ಆಗಿದ್ದರೆ ಆ ಸುದ್ದಿ ಸೇನೆಯಿಂದಲೇ ಮನೆಗೆ ತಲುಪುವ ವ್ಯವಸ್ಥೆಯಿದೆ, ಟೀವಿ ಹಚ್ಚಿಕೊಂಡು ಕೂರುವುದರಿಂದ ಅದು ಬೇಗ ತಿಳಿಯುವುದಿಲ್ಲ.

ಮನೆಯ ಕೆಟ್ಟ ಸುದ್ದಿಯನ್ನು ಮಗನಿಗೆ ಹೇಳಬೇಕೇ ಎಂಬುದು ಇನ್ನೊಂದು ಗೊಂದಲ. ಅಣ್ಣತಮ್ಮಂದಿರ ಬದುವಿನ ಜಗಳ, ಎಮ್ಮೆ ಸತ್ತದ್ದು, ಸಾಲದವನು ಬಾಗಿಲಿಗೆ ಬಂದದ್ದು ಇವನ್ನೆಲ್ಲಾ ಪಹರೆಗೆ ಹೊರಟವನ ಕಿವಿಗೆ ಹಾಕುವ ಅಗತ್ಯವಿಲ್ಲ. ಆದರೆ ಅಜ್ಜಿ ತೀರಿಹೋದದ್ದನ್ನು ‘ನೊಂದುಕೊಳ್ಳುತ್ತಾನೆ’ ಎಂದು ಮೂರು ತಿಂಗಳು ಮುಚ್ಚಿಟ್ಟರೆ, ರಜೆಗೆ ಬಂದವನು ಖಾಲಿ ಮಂಚ ನೋಡಿದ ಕ್ಷಣದಿಂದ ಮನೆಯವರ ಯಾವ ‘ಎಲ್ಲಾ ಕ್ಷೇಮ’ವನ್ನೂ ನಂಬಲಾರ. ಜಮೀನಿನ ವ್ಯಾಜ್ಯ ಕೋರ್ಟಿನಲ್ಲಿದ್ದು ಮಗನೂ ಅದರಲ್ಲಿ ಪಕ್ಷಗಾರನಾಗಿದ್ದರೆ, ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಪ್ರಕರಣವನ್ನು ಮುಂದೂಡಲು 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅವಕಾಶ ಕೊಡುತ್ತದೆ. ಇದನ್ನು ವಕೀಲರ ಗಮನಕ್ಕೆ ತರಬಹುದು.

ಉಳಿದದ್ದು ಹಣದ ಮಾತು, ಮತ್ತು ಮನೆಯವರ ಪ್ರೀತಿ ಪರೀಕ್ಷೆಗೆ ಒಳಗಾಗುವುದು ಇಲ್ಲಿಯೇ. ಅಗ್ನಿವೀರನ ತಿಂಗಳ ಸಂಬಳ ಮೊದಲ ವರ್ಷ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇಕಡ 30ನ್ನು ‘ಸೇವಾನಿಧಿ’ಗೆ ಹಿಡಿಯಲಾಗುತ್ತದೆ, ಆದ್ದರಿಂದ ಕೈಗೆ ಬರುವುದು ಮೊದಲ ವರ್ಷ 21,000, ಕೊನೆಯ ವರ್ಷ 28,000. ಹಿಡಿದಷ್ಟೇ ಮೊತ್ತವನ್ನು ಸರ್ಕಾರವೂ ಸೇರಿಸುವುದರಿಂದ ನಾಲ್ಕು ವರ್ಷದ ಕೊನೆಗೆ ಅಸಲು 10.04 ಲಕ್ಷ, ಯೋಜನೆ ಪ್ರಕಟವಾದಾಗಿನ ಲೆಕ್ಕದಂತೆ ಬಡ್ಡಿಯೂ ಸೇರಿ ಸುಮಾರು 11.71 ಲಕ್ಷ ರೂಪಾಯಿ, ಆದಾಯ ತೆರಿಗೆಯಿಲ್ಲದೆ ಕೈಸೇರುತ್ತದೆ. ನಡುವೆ ತಾನಾಗಿ ಬಿಟ್ಟುಬಂದವನಿಗೆ ಸರ್ಕಾರದ ಪಾಲು ಸಿಗುವುದಿಲ್ಲ, ಹಾಗೆ ಬಿಡಲು ಅನುಮತಿ ಸಿಗುವುದೂ ಅಪರೂಪದ ಸಂದರ್ಭಗಳಲ್ಲಿ ಮಾತ್ರ. ಇವಲ್ಲದೆ ಅಗ್ನಿವೀರನು ಕಂತು ಕಟ್ಟಬೇಕಾಗಿಲ್ಲದ 48 ಲಕ್ಷ ರೂಪಾಯಿಯ ಜೀವವಿಮೆ ಇದೆ.

ಈ ಅಂಕಿಗಳನ್ನು ಕೇಳಿದೊಡನೆ ತಂಗಿಯ ಮದುವೆ, ಬೋರ್‌ವೆಲ್, ಮನೆಯ ಮೇಲಂತಸ್ತು ಎಲ್ಲಕ್ಕೂ ಲೆಕ್ಕ ಹಾಕುವ ಮನೆಗಳಿವೆ, ಅವನ ಸಂಬಳವನ್ನೇ ನಂಬಿ ಸಾಲ ತೆಗೆಯುವವರೂ ಇದ್ದಾರೆ. ಪಿಂಚಣಿ ಇರುವ ಕೆಲಸದಲ್ಲಿ ಅದು ಹೇಗೋ ನಡೆಯುತ್ತಿತ್ತು. ನಾಲ್ವರಲ್ಲಿ ಮೂವರು ಇಪ್ಪತ್ತೆರಡು ಇಪ್ಪತ್ತೈದರ ವಯಸ್ಸಿಗೆ ಮರಳಿ ಬರುವ ಕೆಲಸದಲ್ಲಿ ಆ ನಿಧಿ ಅವನ ಎರಡನೆಯ ಬದುಕಿನ ಬಂಡವಾಳ, ಮನೆಯ ಹಳೆಯ ಸಾಲದ ಪರಿಹಾರವಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇಕಡ 10 ಮೀಸಲಾತಿಯನ್ನು 2022ರಲ್ಲೇ ಘೋಷಿಸಲಾಗಿತ್ತು, ಆದರೆ ಅದಕ್ಕೂ ಓದಬೇಕು, ಪರೀಕ್ಷೆ ಬರೆಯಬೇಕು. ಭರ್ತಿಯಾಗುವಾಗ ಅವಿವಾಹಿತನಾಗಿರಬೇಕೆಂಬ ನಿಯಮವಿದ್ದು, ಸೇವಾವಧಿಯಲ್ಲಿ ಮದುವೆಗೆ ಅವಕಾಶವಿಲ್ಲದಿರುವುದರಿಂದ, ವರ್ಷಕ್ಕೆ ಮೂವತ್ತು ದಿನ ಸಿಗುವ ರಜೆಯಲ್ಲಿ ಹೆಣ್ಣು ನೋಡುವ ಓಡಾಟಕ್ಕಿಂತ ಒಂದು ದೂರಶಿಕ್ಷಣದ ಅರ್ಜಿ ತುಂಬಿಸುವುದು ಹೆಚ್ಚು ಉಪಯುಕ್ತ.

ಇಷ್ಟೆಲ್ಲಾ ತಿಳಿದ ಮನೆಗಳಲ್ಲೂ ‘ಮಗ ಎಲ್ಲಿದ್ದಾನೆ’ ಎಂದರೆ ‘ಜಮ್ಮು ಕಡೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರುವುದು ಅಪರೂಪ. ಮನೆಯಲ್ಲಿ ಯಾರಿಗಾದರೂ ಹೃದಯಾಘಾತವಾದ ರಾತ್ರಿ ಅವನ ಘಟಕವನ್ನು ಸಂಪರ್ಕಿಸಲು ಬೇಕಾದ ಸೇವಾ ಸಂಖ್ಯೆಯಾಗಲಿ ಕಂಪನಿಯ ಹೆಸರಾಗಲಿ ಕಚೇರಿಯ ಫೋನಾಗಲಿ ಯಾರ ಬಳಿಯೂ ಇರುವುದಿಲ್ಲ. ಮಗನೋ ಮಗಳೋ ಸೇನೆಯಲ್ಲಿರುವ ಮನೆಯವರು ಈ ಭಾನುವಾರದ ಕರೆಯಲ್ಲಿ ಆ ವಿವರಗಳನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು, ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಲಿ, ಅದರ ಫೋಟೊ ತೆಗೆದು ಯಾವ ಗುಂಪಿಗೂ ಕಳಿಸದಿರಲಿ.